ಯಾರ ಮಾತಿನ ಮೇಲೆ

ಲಂಗಾಟಾ, ನೈರೋಬಿ
9 ಡಿಸೆಂಬರ್ 2007

ನಿಕ್ಕಿ,

ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ. ಎಂಬಕಸಿಯ ವಿಮಾನ ನಿಲ್ದಾಣದಿಂದ ಲಂಡನ್ನಿಗೆ ಹೂವಿನ ಪೆಟ್ಟಿಗೆ ಸಾಗಿಸುವ ಕಂಪನಿಯಲ್ಲಿ ಉಮಾಶಂಕರ ಇದ್ದಾರಲ್ಲ, ಅವರು ಹೊರಟವರ ಕೈಗೆ ಕೊಟ್ಟು ಅಲ್ಲಿ ಡಬ್ಬಕ್ಕೆ ಹಾಕಿಸುತ್ತೇನೆ ಎಂದಿದ್ದಾರೆ. ಗುಲಾಬಿಗಳ ಜೊತೆ ಬರುವ ಪತ್ರ. ಇಲ್ಲಿನ ಅಂಚೆಯನ್ನು ನಂಬಿದರೆ ನಿನ್ನ ಕೋರ್ಸೇ ಮುಗಿದಿರುತ್ತದೆ.

ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ನಿಮ್ಮಪ್ಪ ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ. ನಾನು ಫೋನ್ ಇಡುವವರೆಗೂ ಒಂದು ಪುಟ ತಿರುಗಿಸುವುದಿಲ್ಲ. ಇಟ್ಟ ಮೇಲೆ ಏನಂದಳು ಎಂದು ಕೇಳುವುದೂ ಇಲ್ಲ. ಫಾರ್ಮಸಿ ಬಿಟ್ಟು ಚರಿತ್ರೆ ಓದುತ್ತೇನೆ ಎಂದು ನೀನು ಹೊರಟ ದಿನದ ಮೌನವನ್ನೇ ಇನ್ನೂ ಎಳೆಯುತ್ತಿದ್ದಾರೆ. ನೀನೂ ಅವರ ಮಗಳೇ.

ನಿನ್ನ ಪ್ರಬಂಧ ಒಬ್ಬ ರಾಣಿಯ ಮೇಲೆ, ಅವಳು ಚರ್ಚಿನಲ್ಲಿ ಅಡಗಿದ್ದಳು ಎಂದಷ್ಟೇ ಹೇಳಿದೆ. ಬಿಡಿಸಿ ಬರೆ. ನಾನೂ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಹೇಳಿದವಳೇ. ನಿನಗೆ ಈ ಹುಚ್ಚು ಎಲ್ಲಿ ಹತ್ತಿತು ಎಂದು ನನಗೆ ನೆನಪಿದೆ. ನ್ಯೇರಿಯ ಕಾಡಿನಲ್ಲಿ ಮರದ ಮೇಲಿನ ಹೋಟೆಲಿಗೆ ಹೋಗಿದ್ದೆವು. ಈಗಿನ ಇಂಗ್ಲೆಂಡಿನ ರಾಣಿ ರಾಜಕುಮಾರಿಯಾಗಿ ಅಲ್ಲಿ ತಂಗಿದ್ದಾಗಲೇ ದೂರದ ಊರಲ್ಲಿ ಅವಳ ಅಪ್ಪ ತೀರಿಕೊಂಡರು ಎಂದು ಗೈಡ್ ಹೇಳಿದ. ಉಳಿದವರೆಲ್ಲ ಆನೆ ನೋಡುತ್ತಿದ್ದರು. ನೀನು ಮಾತ್ರ, ‘ಅವಳಿಗೆ ಯಾರು ಹೇಳಿದ್ರು? ಹೇಗೆ ಹೇಳಿದ್ರು?’ ಎಂದು ಅವನ ಬೆನ್ನು ಬಿಡಲಿಲ್ಲ.

ಚುನಾವಣೆ ಈ ಇಪ್ಪತ್ತೇಳಕ್ಕೆ. ಏನೂ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳುತ್ತಲೇ ಅಕ್ಕಿ, ಮೇಣದಬತ್ತಿ ತಂದಿಟ್ಟುಕೊಳ್ಳುತ್ತಾರೆ. ಹೆಲನ್ ಮೊನ್ನೆ ಪಾತ್ರೆ ತೊಳೆಯುತ್ತಾ ಒಂದು ವಿಷಯ ಹೇಳಿದಳು. ಕಿಬೇರಾ ಕೊಳೆಗೇರಿಯಲ್ಲಿ ಅವಳ ಪಕ್ಕದ ಮನೆಯ ಫ್ಲಾವಿಯಾ ಗೊತ್ತಲ್ಲ, ಉಪ್ಪು, ಸಕ್ಕರೆ, ಮಕ್ಕಳನ್ನೂ ಅದಲುಬದಲು ಮಾಡಿಕೊಂಡು ಬದುಕಿದವರು ಇಬ್ಬರೂ. ಆ ಫ್ಲಾವಿಯಾ, ‘ನೀವು ಯಾವತ್ತು ಹೊರಡ್ತೀರಿ?’ ಎಂದು ಕೇಳಿದಳಂತೆ. ಜಗಳವಿಲ್ಲ, ಕೋಪವಿಲ್ಲ. ಮಳೆ ಯಾವತ್ತು ಎಂದು ಕೇಳುವ ಹಾಗೆ. ಹೆಲನ್ ಕಿಕುಯು, ಈಗಿನ ಅಧ್ಯಕ್ಷರ ಕುಲ; ಆ ಬೀದಿಯವರೆಲ್ಲ ಲುವೊ, ಅವರ ಎದುರಾಳಿಯ ಕುಲ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದರೂ ಅವಳ ಕುಲ ಯಾವುದೆಂದು ನಾನು ಕೇಳಿರಲಿಲ್ಲ. ಈಗ ಕೇಳಬೇಕಾಯಿತು.

ಸ್ವೆಟರ್ ಹಾಕಿಕೋ. ಕನ್ನಡದಲ್ಲೇ ಬರೆ, ಇಲ್ಲದಿದ್ದರೆ ಮರೆಯುತ್ತೀ.

ನಿನ್ನ
ಅಮ್ಮ


ಲಂಡನ್
18 ಡಿಸೆಂಬರ್ 2007

ಅಮ್ಮ,

ಪತ್ರಕ್ಕೆ ಗುಲಾಬಿಯ ವಾಸನೆ ಇರಲಿಲ್ಲ, ಡೀಸೆಲ್ ವಾಸನೆ ಇತ್ತು. ಆದರೂ ಮೂಸಿದೆ.

ನನ್ನ ರಾಣಿಯ ಹೆಸರು ಎಲಿಜಬೆತ್ ವುಡ್‌ವಿಲ್. ಐನೂರು ವರ್ಷಕ್ಕೂ ಹಿಂದಿನವಳು. ಗಂಡ ನಾಲ್ಕನೇ ಎಡ್ವರ್ಡ್ 1483ರ ವಸಂತದಲ್ಲಿ ಇದ್ದಕ್ಕಿದ್ದ ಹಾಗೆ ಸತ್ತ. ದೊಡ್ಡ ಮಗನಿಗೆ ಹನ್ನೆರಡು ವರ್ಷ, ಅವನೇ ರಾಜ. ಪಟ್ಟಾಭಿಷೇಕಕ್ಕೆ ಬರುವ ದಾರಿಯಲ್ಲಿ ಅವನನ್ನು ಚಿಕ್ಕಪ್ಪ ರಿಚರ್ಡ್ ತನ್ನ ವಶಕ್ಕೆ ತೆಗೆದುಕೊಂಡ. ಸುದ್ದಿ ತಿಳಿದ ಕೂಡಲೇ ಇವಳು ಚಿಕ್ಕ ಮಗನನ್ನೂ ಹೆಣ್ಣುಮಕ್ಕಳನ್ನೂ ಕರೆದುಕೊಂಡು ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನ ಆವರಣಕ್ಕೆ ಓಡಿದಳು. ಅದು ಅಭಯಸ್ಥಾನ. ಅಲ್ಲಿ ಶರಣು ಹೊಕ್ಕವರನ್ನು ರಾಜನೂ ಎಳೆದು ತರುವ ಹಾಗಿಲ್ಲ.

ಜೂನ್ ತಿಂಗಳಲ್ಲಿ ರಿಚರ್ಡ್ ನದಿಯ ಮೇಲೆ ದೋಣಿಗಳಲ್ಲಿ ಸೈನಿಕರನ್ನು ತಂದು ನಿಲ್ಲಿಸಿದ. ಒಳಗೆ ಹೋದವನು ಮಾತ್ರ ಅವನಲ್ಲ, ನಾಡಿನ ಪ್ರಧಾನ ಧರ್ಮಗುರು. ವಯಸ್ಸಾದ, ಎಲ್ಲರೂ ಗೌರವಿಸುವ ಮನುಷ್ಯ. ಅಣ್ಣನ ಪಟ್ಟಾಭಿಷೇಕಕ್ಕೆ ತಮ್ಮ ಬೇಡವೇ, ಹುಡುಗನಿಗೆ ಏನೂ ಆಗದು, ಜವಾಬ್ದಾರಿ ನನ್ನದು ಎಂದು ಅವನು ಮಾತು ಕೊಟ್ಟ. ಅವಳು ಮಗನನ್ನು ಕೊಟ್ಟಳು. ಹುಡುಗನಿಗೆ ಒಂಬತ್ತು ವರ್ಷ. ಅವನನ್ನು ಲಂಡನ್ ಟವರ್ ಕೋಟೆಗೆ ಅಣ್ಣನ ಹತ್ತಿರ ಕರೆದೊಯ್ದರು. ಆ ಬೇಸಿಗೆಯಲ್ಲಿ ಇಬ್ಬರೂ ತೋಟದಲ್ಲಿ ಆಡುವುದನ್ನು ಜನ ನೋಡಿದರು. ಆಮೇಲೆ ಕಿಟಕಿಯಲ್ಲಿ ನೋಡಿದರು. ಆಮೇಲೆ ಯಾರೂ ನೋಡಲಿಲ್ಲ.

ನಾನು ಅವಳನ್ನು ಕ್ಷಮಿಸಲಾರೆ ಅಮ್ಮ. ನನ್ನ ಮೇಷ್ಟ್ರು ಹೇಳುತ್ತಾರೆ, ನ್ಯಾಯಾಧೀಶೆಯಾಗಬೇಡ, ಅವಳ ಮುಂದೆ ಏನಿತ್ತು ಅದನ್ನು ನೋಡು ಅಂತ. ನೋಡಿದೆ. ಬಾಗಿಲಾಚೆ ಯಾರಿದ್ದಾರೆ ಎಂದು ಗೊತ್ತಿದ್ದೂ ಒಬ್ಬ ದೊಡ್ಡ ಮನುಷ್ಯನ ಮಾತಿನ ಮೇಲೆ ಮಗುವನ್ನು ಆಚೆ ಕಳಿಸಿದಳು. ಪ್ರಬಂಧ ಅಲ್ಲೇ ನಿಂತಿದೆ.

ಹೆಲನ್‌ಗೂ ಅವಳ ಮಗಳು ಮೇರಿಗೂ ನನ್ನ ಹಬ್ಬದ ಶುಭಾಶಯ. ಮೇರಿ ಎಷ್ಟು ಎತ್ತರ ಆಗಿದಾಳೆ? ಅಪ್ಪ ಹೇಗಿದಾರೆ ಅಂತ ಕೇಳ್ತಿಲ್ಲ, ಬರೀ ತಿಳಿಸು.

ನಿಕಿತಾ


ಲಂಗಾಟಾ
2 ಜನವರಿ 2008

ನಿಕ್ಕಿ,

ನಾವು ಚೆನ್ನಾಗಿದ್ದೇವೆ. ಇದನ್ನು ಮೊದಲು ಓದಿಕೋ. ಉಮಾಶಂಕರ ಎರಡು ದಿನದಿಂದ ವಿಮಾನ ನಿಲ್ದಾಣದಲ್ಲೇ ಮಲಗುತ್ತಿದ್ದಾರಂತೆ, ಮನೆಗೆ ಹೋಗುವ ದಾರಿ ಇಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಬೈಕಿನಲ್ಲಿ ಅತ್ತ ಹೊರಟಿದ್ದಾನೆ. ಅವನಿಗೆ ಕೊಡಬೇಕು, ಅವಸರದಲ್ಲಿ ಬರೆಯುತ್ತಿದ್ದೇನೆ.

ಭಾನುವಾರ ಸಂಜೆ ಫಲಿತಾಂಶ ಹೇಳಿದರು, ಈಗಿನ ಅಧ್ಯಕ್ಷರೇ ಗೆದ್ದರಂತೆ. ಹೇಳಿ ಮುಗಿಯುವ ಮೊದಲೇ ಕಿಬೇರಾ ಕಡೆಯಿಂದ ಒಂದು ಸದ್ದು ಬಂತು. ಕ್ರಿಕೆಟ್ ಮೈದಾನದ ಗದ್ದಲದ ಹಾಗೆ, ಆದರೆ ನಿಲ್ಲಲೇ ಇಲ್ಲ. ಆಮೇಲೆ ಹೊಗೆ. ಟಿವಿಯಲ್ಲಿ ನೇರ ಪ್ರಸಾರ ನಿಲ್ಲಿಸಿ ಹಳೆಯ ಹಾಡು ಹಾಕಿದರು. ಅದೇ ಹೆಚ್ಚು ಹೆದರಿಸಿತು.

ಸೋಮವಾರ ಬೆಳಿಗ್ಗೆ ಹೆಲನ್, ಮೇರಿ ಗೇಟಿನ ಹತ್ತಿರ ನಿಂತಿದ್ದರು. ಮೇರಿಯ ಕಾಲಲ್ಲಿ ಒಂದೇ ಚಪ್ಪಲಿ. ಹೆಲನ್ ತಲೆಯ ಮೇಲೆ ಏನೂ ಇರಲಿಲ್ಲ, ಕೈಯಲ್ಲಿ ಏನೂ ಇರಲಿಲ್ಲ. ಖಾಲಿ ಕೈಯಲ್ಲಿ ಅವಳನ್ನು ನಾನು ನೋಡಿದ್ದೇ ಇಲ್ಲ. ಫ್ಲಾವಿಯಾನೇ ಬಂದು ಬಾಗಿಲು ಬಡಿದಳಂತೆ. ‘ಈಗಲೇ ಹೋಗು. ನನ್ನ ಗಂಡನೂ ಅವರ ಜೊತೆ ಇದ್ದಾನೆ’ ಎಂದಳಂತೆ. ಇವರು ರೈಲು ಹಳಿ ದಾಟಿ ತಿರುಗಿ ನೋಡುವಾಗ ಮನೆ ಉರಿಯುತ್ತಿತ್ತು.

ಹಿತ್ತಲಿನ ಕೆಲಸದವರ ಕೋಣೆಯಲ್ಲಿ ಇರಿಸಿದ್ದೇನೆ. ಮೇರಿಗೆ ಈಗ ಹದಿನೇಳು, ನನಗಿಂತ ಎತ್ತರ. ಬಂದಾಗಿನಿಂದ ಒಂದು ಮಾತೂ ಆಡಿಲ್ಲ. ನಿನ್ನ ಹಳೆಯ ಚೂಡಿದಾರ ಕೊಟ್ಟೆ, ಗಿಡ್ಡವಾಗುತ್ತದೆ.

ರಸ್ತೆಗಳಲ್ಲಿ ಹುಡುಗರು ಕಲ್ಲು ಅಡ್ಡ ಇಟ್ಟು, ಗಾಡಿ ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಿದ್ದಾರೆ. ಹೆಸರು ನೋಡಿದರೆ ಸಾಕು, ಯಾವ ಕುಲ ಎಂದು ಗೊತ್ತಾಗುತ್ತದೆ. ನಮ್ಮನ್ನು ಬಿಟ್ಟು ಕಳಿಸುತ್ತಾರೆ. ನಾವು ಯಾರ ಲೆಕ್ಕಕ್ಕೂ ಇಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿಲ್ಲ.

ನಿಮ್ಮಪ್ಪ ಫ್ಯಾಕ್ಟರಿಗೆ ಹೋಗಿಲ್ಲ. ಕಿಟಕಿಯ ಪರದೆ ಸರಿಸಿ ನೋಡುವುದು, ಮುಚ್ಚುವುದು, ಇದೇ ಕೆಲಸ. ಹೆಲನ್ ಬಂದದ್ದಕ್ಕೆ ಬೇಡ ಎನ್ನಲಿಲ್ಲ. ಸರಿ ಎಂದೂ ಅನ್ನಲಿಲ್ಲ.

ಅಮ್ಮ


ಲಂಡನ್
6 ಜನವರಿ 2008

ಅಮ್ಮ,

ಫೋನ್ ಸಿಗುತ್ತಿಲ್ಲ. ಸಿಕ್ಕರೆ ನಿನ್ನ ಕಾರ್ಡಿನಲ್ಲಿ ಕರೆನ್ಸಿ ಇಲ್ಲ, ಅಂಗಡಿ ಮುಚ್ಚಿದೆ ಎನ್ನುತ್ತೀ, ಕಟ್ ಆಗುತ್ತದೆ. ನಾನು ಟಿವಿಯಲ್ಲಿ ನಮ್ಮ ರಸ್ತೆ ನೋಡಿದೆ. ನಾವು ಮಾವಿನಹಣ್ಣು ತೆಗೆದುಕೊಳ್ಳುತ್ತಿದ್ದ ತಿರುವಿನಲ್ಲಿ ಟೈರು ಸುಡುತ್ತಿತ್ತು. ಲೈಬ್ರರಿಯಲ್ಲಿ ಕೂತು ಅತ್ತೆ.

ಅಮ್ಮ, ನೇರವಾಗಿ ಬರೀತೀನಿ. ಅವರು ಹುಡುಕುತ್ತಿರೋದು ಹೆಲನ್‌ನಂಥವರನ್ನ. ಅವಳು ಒಳಗಿದಾಳೆ ಅಂತ ಗೊತ್ತಾದ್ರೆ ನಿಮ್ಮಿಬ್ಬರನ್ನೂ ಬಿಡಲ್ಲ. ಶೋಗ್ರೌಂಡಿನಲ್ಲಿ ನಿರಾಶ್ರಿತರ ಕ್ಯಾಂಪ್ ತೆರೆದಿದ್ದಾರೆ ಅಂತ ನ್ಯೂಸ್‌ನಲ್ಲಿ ಬಂತು. ದಯವಿಟ್ಟು ಅವರನ್ನ ಅಲ್ಲಿಗೆ ಕಳಿಸು. ಯಾರಾದರೂ ನಂಬುವಂಥವರು ಕರೆದುಕೊಂಡು ಹೋಗ್ತೀನಿ ಅಂದ್ರೆ ಒಪ್ಪಿಕೋ. ನೀವಿಬ್ಬರೂ ಟಿಕೆಟ್ ಸಿಕ್ಕ ಕೂಡಲೇ ಬೆಂಗಳೂರಿಗೆ ಹೊರಡಿ. ಹೆಲನ್ ನನ್ನನ್ನು ಎತ್ತಿ ಆಡಿಸಿದವಳಲ್ಲ, ನಾವು ನೈರೋಬಿಗೆ ಬಂದಾಗಲೇ ನನಗೆ ಹತ್ತು ವರ್ಷ. ಆದರೂ ನನ್ನ ಜಡೆ ಹಾಕಿದವಳು, ಜ್ವರದಲ್ಲಿ ಪಕ್ಕ ಕೂತವಳು. ಅದೆಲ್ಲ ಗೊತ್ತಿದ್ದೇ ಬರೀತಿದೀನಿ. ನನಗೆ ನೀನು ಬೇಕು.

ನಿಕ್ಕಿ


ಲಂಗಾಟಾ
12 ಜನವರಿ 2008

ನಿಕ್ಕಿ,

ನಿನ್ನ ಪತ್ರವೂ ಉಮಾಶಂಕರರ ಕಡೆಯವರಿಂದಲೇ ಕೈ ಸೇರಿತು. ಮತ್ತೆ ಮತ್ತೆ ಓದಿದೆ. ಕೋಪವಿಲ್ಲ. ಆ ರಾಣಿಯ ಸುತ್ತ ನಿಂತವರೂ ಹೀಗೇ ಹೇಳಿರಬೇಕು, ಅವಳ ಮೇಲಿನ ಪ್ರೀತಿಯಿಂದಲೇ. ಅದನ್ನು ನೀನು ಅವಳ ಕಥೆ ಹೇಳುವಾಗ ಬರೆದಿರಲಿಲ್ಲ.

ನಿನ್ನೆ ನಡೆದದ್ದನ್ನು ಹೇಳುತ್ತೇನೆ. ನಮ್ಮ ಕಾಂಪೌಂಡಿನ ಸಂಘಕ್ಕೆ ಅಧ್ಯಕ್ಷರು ಕೃಷ್ಣಪ್ರಸಾದ, ಬ್ಯಾಂಕಿನವರು, ನೀನು ನೋಡಿದ್ದೀಯ. ಯುಗಾದಿಗೆ ಎಲ್ಲರಿಗೂ ಒಬ್ಬಟ್ಟು ಹಂಚುವವರು. ಒಳ್ಳೆಯ ಮನುಷ್ಯ. ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬಂದರು. ಹೊರಗೆ ಬಿಳಿ ವ್ಯಾನೊಂದು ಎಂಜಿನ್ ಆರಿಸದೆ ನಿಂತಿತ್ತು.

‘ಮೇಡಂ, ಅವರನ್ನ ಬೀದಿಗೆ ಹಾಕಿ ಅಂತ ಯಾರೂ ಹೇಳ್ತಿಲ್ಲ. ಕ್ಯಾಂಪಲ್ಲಿ ಊಟ ಇದೆ, ಡಾಕ್ಟ್ರಿದಾರೆ, ಪೊಲೀಸ್ ಇದಾರೆ. ಇಲ್ಲಿ ಅವರಿರೋದು ಹೊರಗೆ ಗೊತ್ತಾಗಿದೆ. ನಿನ್ನೆ ಅಸ್ಕಾರಿನ ಇಬ್ಬರು ವಿಚಾರಿಸಿದ್ರಂತೆ. ಈ ಕಾಂಪೌಂಡಲ್ಲಿ ಚಿಕ್ಕ ಮಕ್ಕಳಿದಾರೆ ನೋಡಿ’ ಎಂದರು. ಅಸ್ಕಾರಿ ಅಂದರೆ ನಮ್ಮ ಗೇಟಿನ ಕಾವಲುಗಾರ. ಅವನು ಅವತ್ತಿನಿಂದ ಕೆಲಸಕ್ಕೆ ಬಂದಿಲ್ಲ.

‘ಯಾವ ರೋಡಲ್ಲಿ ಹೋಗತ್ತೆ ವ್ಯಾನು?’ ಎಂದೆ.

‘ಎಂಬಗಾಥಿ ಮೇಲೆ. ಬೇರೆ ದಾರಿ ಎಲ್ಲಿದೆ?’

‘ಅದು ಕಿಬೇರಾ ಪಕ್ಕದಲ್ಲೇ ಅಲ್ವಾ. ಅಲ್ಲಿ ಐಡಿ ನೋಡ್ತಿದಾರಂತೆ.’

‘ಬೆಳಿಗ್ಗೆ ಹೊತ್ತು ಅಷ್ಟು ಇರಲ್ಲ. ಡ್ರೈವರ್ ನಮ್ಮ ಬ್ಯಾಂಕಿನವನೇ. ಸೇಫಾಗಿ ತಲುಪಿಸೋ ಜವಾಬ್ದಾರಿ ನಂದು. ನನ್ನ ಮಾತಿನ ಮೇಲೆ ನಂಬಿಕೆ ಇಡಿ.’

ನಿಮ್ಮಪ್ಪ ನನ್ನ ಕಡೆ ನೋಡಿ, ‘ಅವರು ಅಷ್ಟು ಹೇಳ್ತಿದಾರಲ್ಲ ರುಕ್ಕು’ ಎಂದರು. ಹೆಲನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕನ್ನಡ ಅವಳಿಗೆ ಎಷ್ಟು ಅರ್ಥವಾಗುತ್ತದೋ ನನಗೆ ಯಾವತ್ತೂ ಗೊತ್ತಾಗಿಲ್ಲ. ಕ್ಯಾಂಪ್ ಎಂಬ ಮಾತು ಅರ್ಥವಾಗಿತ್ತು. ಒಳಗೆ ಹೋಗಿ ಮೇರಿಯ ಬಟ್ಟೆ ಮಡಿಸತೊಡಗಿದಳು. ಅವಳು ಮಡಿಸುವುದನ್ನು ನೋಡಿದ ಮೇಲೆ ನನ್ನ ಬಾಯಿಂದ ಮಾತು ಬಂತು.

‘ಸರಿ, ಹಾಗೇ ಮಾಡೋಣ. ನಾನೂ ವ್ಯಾನಲ್ಲಿ ಹೋಗ್ತೀನಿ. ಅವರನ್ನ ಕ್ಯಾಂಪಲ್ಲಿ ಬಿಟ್ಟು ಅದೇ ವ್ಯಾನಲ್ಲಿ ವಾಪಸ್ ಬರ್ತೀನಿ.’

‘ಅದು ಬೇಡ ಮೇಡಂ.’

‘ಯಾಕೆ?’

‘ನಿಮಗೇನಾದ್ರೂ ಆದ್ರೆ ನಾನು ಸದಾಶಿವ ಅವರಿಗೆ ಹೇಗೆ ಮುಖ ತೋರಿಸ್ಲಿ? ಈ ಟೈಮಲ್ಲಿ ನಿಮ್ಮ ಸೇಫ್ಟಿಗೆ ನಾನು ಗ್ಯಾರಂಟಿ ಕೊಡಕ್ಕಾಗಲ್ಲ.’

‘ಅವರಿಗೆ ಕೊಟ್ರಲ್ಲ’ ಎಂದೆ.

ಅವರ ಮುಖ ಕೆಂಪಗಾಯಿತು. ಕೆಟ್ಟವರಲ್ಲ ನಿಕ್ಕಿ, ಆ ಕ್ಷಣದವರೆಗೂ ತಾನು ಹೇಳುತ್ತಿರುವುದು ನಿಜ ಎಂದೇ ಅವರು ನಂಬಿದ್ದರು. ಕಾಫಿ ಮುಟ್ಟದೆ ಎದ್ದು ಹೋದರು. ವ್ಯಾನು ಖಾಲಿ ಹೋಯಿತು.

ಆಗಿನಿಂದ ನನಗೆ ಹೆದರಿಕೆ. ಮಾತಾಡುವಾಗ ಇರಲಿಲ್ಲ, ಈಗ ಇದೆ. ಗೇಟಿನಲ್ಲಿ ಬೆಕ್ಕು ಹಾದರೂ ಎದ್ದು ಹೋಗಿ ಬಾಗಿಲ ಚಿಲಕ ನೋಡುತ್ತೇನೆ. ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿ ಮುಚ್ಚಿದ್ದಾರೆ. ನಿಮ್ಮಪ್ಪ ನನ್ನ ಜೊತೆಗೂ ಮಾತು ಬಿಟ್ಟಿದ್ದಾರೆ. ಈಗ ಈ ಮನೆಯಲ್ಲಿ ಮೇರಿಯೂ ಅವರೂ ಒಂದೇ.

ಬೆಂಗಳೂರಿಗೆ ಹೋಗುವ ಮಾತು ಸದ್ಯಕ್ಕೆ ಬೇಡ.

ಅಮ್ಮ


ಲಂಗಾಟಾ, ನೈರೋಬಿ
20 ಜನವರಿ 2008

ಚಿ. ನಿಕಿತಾಳಿಗೆ,

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ಫ್ಯಾಕ್ಟರಿಯಲ್ಲಿ ಬರೆಯುವುದು ರಿಪೋರ್ಟು. ಇದನ್ನೂ ಹಾಗೇ ಓದಿಕೋ. ನಿನ್ನ ಅಮ್ಮನ ಕೈ ಸ್ವಲ್ಪ ಸುಟ್ಟಿದೆ, ಬರೆಯಲಾರಳು. ಗಾಬರಿಯಾಗುವಷ್ಟಲ್ಲ, ನಾನೇ ಮುಲಾಮು ಹಚ್ಚಿದ್ದೇನೆ.

ಶುಕ್ರವಾರ ಮಧ್ಯಾಹ್ನಕ್ಕೆ ಮೊದಲು ಏಳೆಂಟು ಮಂದಿ ಗೇಟು ಹತ್ತಿ ಒಳಗೆ ಬಂದರು. ನಾಲ್ವರ ಕೈಯಲ್ಲಿ ಮಚ್ಚು. ಬೇರೆ ಯಾವ ಮನೆಯ ಮುಂದೂ ನಿಲ್ಲಲಿಲ್ಲ, ನೇರ ನಮ್ಮಲ್ಲಿಗೆ. ನಾನು ಅವರನ್ನು ಕಿಟಕಿಯಿಂದ ಕಂಡು ಹೆಲನ್‌ನನ್ನೂ ಮಗಳನ್ನೂ ಮೇಲೆ ನಿನ್ನ ಕೋಣೆಗೆ ಓಡಿಸಿದೆ. ಅದಕ್ಕಷ್ಟೇ ಸಮಯವಿತ್ತು.

ಮುಂದಿದ್ದವನು ನಿನ್ನ ವಯಸ್ಸಿನವನೇ. ‘ಮ್ಝೀ’ ಎಂದೇ ಕರೆದ, ಹಿರಿಯರಿಗೆ ಹೇಳುವ ಹಾಗೆ. ‘ವಹಿಂಡಿ ಜನರ ಮೇಲೆ, ನಿಮ್ಮಂಥ ಭಾರತೀಯರ ಮೇಲೆ, ನಮಗೇನೂ ಇಲ್ಲ. ಆ ಹೆಂಗಸು, ಹುಡುಗಿ ಎಲ್ಲಿ?’ ಎಂದ. ನಾನು, ‘ಹೋದ ವಾರ ವ್ಯಾನಿನಲ್ಲಿ ಕ್ಯಾಂಪಿಗೆ ಹೋದರು. ಕಾಂಪೌಂಡಿನವರೆಲ್ಲ ನೋಡಿದ್ದಾರೆ, ಕೇಳಿ’ ಎಂದೆ. ವ್ಯಾನು ಹೋದದ್ದು ನಿಜ, ಅದರಿಂದ ಸುಳ್ಳು ಸಲೀಸಾಗಿ ಬಂತು. ಆದರೂ ಅವರು ಹಿತ್ತಲಿಗೆ ಹೋದರು. ಕೆಲಸದವರ ಕೋಣೆಯ ಮುಂದೆ ಇದ್ದಿಲ ಒಲೆಯ ಮೇಲೆ ಪಾತ್ರೆ ಇತ್ತು. ಹೆಲನ್ ಅಡುಗೆಗೆ ಇಟ್ಟದ್ದು. ಅದನ್ನು ನಾನು ಮರೆತಿದ್ದೆ.

ಅವನು ಬಗ್ಗಿ ಪಾತ್ರೆಯ ಮೇಲೆ ಕೈ ಹಿಡಿದ. ಬಿಸಿ ಇತ್ತು. ಆಮೇಲೆ ನನ್ನ ಮುಖ ನೋಡಿದ. ನಿಕಿತಾ, ಐವತ್ತಾರು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ನಿನ್ನ ಅಮ್ಮ ಹಿಂದಿನಿಂದ ಬಂದಳು. ತನ್ನ ಹರಕು ಸ್ವಾಹಿಲಿಯಲ್ಲಿ, ‘ಅದು ನನ್ನ ಪಾತ್ರೆ. ಸಿಲಿಂಡರ್ ಸಿಗುತ್ತಿಲ್ಲ, ಮೂರು ದಿನದಿಂದ ಇಲ್ಲೇ ಅಡುಗೆ’ ಎಂದಳು. ಅವನು ಮುಚ್ಚಳ ತೆಗೆದ. ಒಳಗೆ ಗಿಥೇರಿ, ಮೆಕ್ಕೆಜೋಳ ಮತ್ತು ಕಾಳು ಬೇಯಿಸಿದ್ದು, ಕಿಕುಯು ಮನೆಗಳ ಊಟ. ‘ವಹಿಂಡಿ ಗಿಥೇರಿ ತಿಂತಾರಾ?’ ಎಂದ. ಹಿಂದಿದ್ದವರು ನಕ್ಕರು. ಆ ನಗು ಚೆನ್ನಾಗಿರಲಿಲ್ಲ. ನಿನ್ನ ಅಮ್ಮ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನೆಲದ ಮೇಲೆ ಕೂತಳು. ಪಾತ್ರೆಯೊಳಗೆ ಬರಿಗೈ ಹಾಕಿ ತುತ್ತು ತೆಗೆದು ಬಾಯಿಗಿಟ್ಟುಕೊಂಡಳು. ಕುದಿಯುತ್ತಿದ್ದ ಕಾಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಎರಡನೇ ತುತ್ತನ್ನೂ ತಿಂದಳು. ‘ಉಪ್ಪು ಕಡಿಮೆ’ ಎಂದು ನನಗೆ ಕನ್ನಡದಲ್ಲಿ ಹೇಳಿದಳು. ನಾನು ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದುಕೊಟ್ಟೆ.

ಅವನು ಇಬ್ಬರನ್ನೂ ನೋಡಿದ. ಮೇಲಿನ ನಿನ್ನ ಕಿಟಕಿಯನ್ನೂ ನೋಡಿದ. ಅವನಿಗೆ ಗೊತ್ತಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ‘ಟ್ವೆಂಡೆ’ ಎಂದ, ಹೋಗೋಣ ಎಂದು. ಹೋದರು.

ಮೇಲೆ ಹೋಗಿ ನೋಡಿದರೆ ಹೆಲನ್ ಮಗಳ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. ಬಿಡಿಸಲು ನಾವಿಬ್ಬರೂ ಬೇಕಾಯಿತು.

ಒಂದು ವಿಷಯ. ಕೃಷ್ಣಪ್ರಸಾದ ಬಂದ ದಿನ ನಾನು ಅವರ ಪರವಾಗಿದ್ದೆ. ನಿನ್ನ ಪತ್ರದಲ್ಲಿ ನೀನೂ ಅದನ್ನೇ ಬರೆದಿದ್ದೆ ಎಂದು ನಿನ್ನ ಅಮ್ಮ ತೋರಿಸಿದಳು. ಒಂದೂವರೆ ವರ್ಷದಲ್ಲಿ ನೀನೂ ನಾನೂ ಒಪ್ಪಿದ್ದು ಅದೊಂದನ್ನೇ. ಅದರಲ್ಲೂ ಇಬ್ಬರೂ ತಪ್ಪಿದೆವು.

ಆರೋಗ್ಯ ನೋಡಿಕೋ.

ಇತಿ,
ಸದಾಶಿವ


ಲಂಡನ್
25 ಜನವರಿ 2008

ಅಪ್ಪ,

ನಿಮ್ಮ ಸಹಿ ನೋಡಿ ನಗು ಬಂತು. ಮಗಳಿಗೆ ಯಾರಾದರೂ ‘ಇತಿ, ಸದಾಶಿವ’ ಎಂದು ಬರೀತಾರಾ? ನಗುತ್ತಾ ಇದ್ದವಳು ಬಸ್ಸಿನಲ್ಲಿ ಅಳುವುದಕ್ಕೆ ಶುರು ಮಾಡಿದೆ. ಪಕ್ಕದ ಹೆಂಗಸು ಟಿಶ್ಯೂ ಕೊಟ್ಟಳು.

ಅಮ್ಮನ ಕೈ ಹೇಗಿದೆ? ಗುಳ್ಳೆ ಒಡೆಯಬೇಡಿ. ಔಷಧಿ ಫ್ಯಾಕ್ಟರಿಯವರಿಗೆ ನಾನು ಹೇಳಬೇಕಾ?

ಮತ್ತೆ ಬರೆಯಿರಿ. ರಿಪೋರ್ಟೇ ಆದರೂ ಸರಿ.

ನಿಕಿತಾ


ಲಂಗಾಟಾ
8 ಫೆಬ್ರವರಿ 2008

ನಿಕ್ಕಿ,

ಕೈ ಮಾಗಿದೆ, ಪೆನ್ನು ಹಿಡಿಯಬಹುದು.

ಹೆಲನ್ ಇಲ್ಲಿಲ್ಲ. ನಾಕುರುವಿನಲ್ಲಿ ಮನೆಗಳು ಉರಿಯುತ್ತಿವೆ ಎಂದು ರೇಡಿಯೋದಲ್ಲಿ ಬಂದ ಮಾರನೆಯ ದಿನವೇ ಹೊರಟಳು. ಅಲ್ಲಿ ಅವಳ ತಾಯಿ ಒಬ್ಬಳೇ ಇದ್ದಾಳೆ, ಕಣ್ಣು ಕಾಣಿಸದ ಮುದುಕಿ. ದಾರಿಯುದ್ದಕ್ಕೂ ಗಾಡಿ ತಡೆದು ಜನರನ್ನು ಇಳಿಸುತ್ತಿದ್ದಾರೆ, ಹೋಗಬೇಡ ಎಂದು ನಾವಿಬ್ಬರೂ ಹೇಳಿದೆವು. ‘ಮಾಮಾ ನಿಕಿತಾ, ನಿಮ್ಮ ತಾಯಿ ಅಲ್ಲಿದ್ದರೆ?’ ಎಂದಳು. ನಿನ್ನ ಹೆಸರು ಹಿಡಿದೇ ಅವಳು ನನ್ನನ್ನು ಕರೆಯುವುದು, ನಿಕಿತಾಳ ಅಮ್ಮ ಎಂದು.

ಮೇರಿಯನ್ನು ನನ್ನ ಹತ್ತಿರ ಬಿಟ್ಟು ಹೋದಳು. ಬಾಗಿಲಲ್ಲಿ ಮಗಳ ಕುತ್ತಿಗೆಯ ಹತ್ತಿರ ಬಟ್ಟೆ ಸರಿಮಾಡಿದಳು, ಅಷ್ಟೇ. ನೋಡಿಕೊಳ್ಳಿ ಅನ್ನಲಿಲ್ಲ. ಮಾತು ಕೊಡಿ ಅನ್ನಲಿಲ್ಲ. ನಾನು ಕೊಡಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಆ ಧರ್ಮಗುರುವಿಗೆ ಅಷ್ಟು ಸುಲಭವಾಗಿ ಹೇಗೆ ಬಾಯಿಗೆ ಬಂತೋ.

ಅವತ್ತಿನಿಂದ ಹೆಲನ್ ಫೋನ್ ಆಫ್ ಇದೆ. ನಿಮ್ಮಪ್ಪ ಗಂಟೆಗೊಮ್ಮೆ ಒತ್ತುತ್ತಾರೆ. ನಾಕುರುವಿನಲ್ಲಿರುವ ಔಷಧಿ ಡೀಲರನ್ನು ಆಸ್ಪತ್ರೆಗಳಿಗೆ ಕಳಿಸಿದರು. ಅವನು ಹೋಗಿ ನೋಡಿ ಬಂದ. ಏನು ನೋಡಿದನೋ ಅದನ್ನು ಹೇಳಲಿಲ್ಲ, ಇಲ್ಲ ಎಂದಷ್ಟೇ ಹೇಳಿದ.

ಮೇರಿ ನಿನ್ನ ಮಂಚದಲ್ಲಿ ಮಲಗುತ್ತಾಳೆ. ನಿನ್ನ ಶಾಲೆಯ ಚರಿತ್ರೆ ಪುಸ್ತಕ ತೆಗೆದು ಓದುತ್ತಿದ್ದಳು. ಒಂದು ಮಧ್ಯಾಹ್ನ ನಾನು ನಿನ್ನ ರಾಣಿಯ ಕಥೆ ಶುರುಮಾಡಿದೆ. ಸುಮ್ಮನೆ, ಮನೆಯಲ್ಲಿ ಒಂದು ಸದ್ದಿರಲಿ ಎಂದು. ಚಿಕ್ಕ ಮಗನನ್ನು ಕೊಡುವ ಜಾಗ ಬಂದಾಗ ನಿಲ್ಲಿಸಿದೆ. ಅವಳು ಮೊದಲ ಸಲ ಬಾಯಿಬಿಟ್ಟಳು. ಇಂಗ್ಲಿಷಿನಲ್ಲಿ, ‘ಅವನಿಗೇನಾಯಿತು?’ ಎಂದು ಕೇಳಿದಳು. ‘ಅವನ ಅಕ್ಕಂದಿರು ಬದುಕಿದರು. ದೊಡ್ಡವಳು ಮುಂದೆ ರಾಣಿಯಾದಳು’ ಎಂದೆ. ಅದು ನಿಜವೇ ಅಲ್ಲವೇ ನಿಕ್ಕಿ? ಅವಳು ಪುಸ್ತಕ ಮುಚ್ಚಿಟ್ಟಳು. ‘ಅವನಿಗೇನಾಯಿತು ಅಂತ ಕೇಳಿದೆ’ ಎಂದಳು. ನಾನು ಒಲೆ ನೋಡಲು ಎದ್ದು ಹೋದೆ.

ಹೆಲನ್ ಬರದಿದ್ದರೆ ಈ ಹುಡುಗಿಗೆ ಯಾರು ಹೇಳುವುದು, ಹೇಗೆ ಹೇಳುವುದು?

ಅಮ್ಮ


ಲಂಡನ್
15 ಫೆಬ್ರವರಿ 2008

ಅಮ್ಮ,

ನನ್ನ ರಾಣಿ ಕೊನೆಗೆ ಅಭಯಸ್ಥಾನದಿಂದ ಹೊರಗೆ ಬಂದಳು. ಮರುವರ್ಷ ಮಾರ್ಚಿನಲ್ಲಿ, ಹೆಣ್ಣುಮಕ್ಕಳನ್ನೆಲ್ಲ ಕರೆದುಕೊಂಡು. ಅದೂ ಅದೇ ರಿಚರ್ಡನ ಕೈಗೆ. ಅಷ್ಟರಲ್ಲಿ ಅವನೇ ರಾಜನಾಗಿದ್ದ. ಆದರೆ ಈ ಸಲ ಒಬ್ಬ ದೊಡ್ಡ ಮನುಷ್ಯನ ಮಾತು ಸಾಲಲಿಲ್ಲ. ರಾಜ ತಾನೇ, ಪ್ರಮುಖರೂ ಲಂಡನ್ನಿನ ಮೇಯರೂ ಕೇಳುವಂತೆ, ಹುಡುಗಿಯರ ಜೀವಕ್ಕೆ ಅಪಾಯವಿಲ್ಲ, ಟವರಿನಲ್ಲಾಗಲಿ ಬೇರೆ ಸೆರೆಯಲ್ಲಾಗಲಿ ಇಡುವುದಿಲ್ಲ ಎಂದು ಪ್ರಮಾಣ ಮಾಡಬೇಕಾಯಿತು. ಅವನು ಅದನ್ನು ಮೀರಲಿಲ್ಲ.

ಮಕ್ಕಳನ್ನು ಕೊಂದವನೆಂದು ಜನ ನಂಬಿದ್ದವನ ಹತ್ತಿರ ಯಾಕೆ ಹೋದಳು ಎಂದು ಎಲ್ಲರೂ ಬರೆದಿದ್ದಾರೆ. ನಾನೂ ಎರಡು ಪುಟ ಬರೆದಿದ್ದೆ, ಹೊಡೆದುಹಾಕಿದೆ. ಮೇಷ್ಟ್ರು ಯಾಕೆ ಎಂದರು. ನನಗೆ ಗೊತ್ತಿಲ್ಲ ಎಂದೆ.

ಮೇರಿಗೆ ನಿಜ ಹೇಳು ಅಮ್ಮ. ಹುಡುಗನ ವಿಷಯ ಯಾರಿಗೂ ಖಚಿತವಾಗಿ ಗೊತ್ತಿಲ್ಲ ಅನ್ನೋದೇ ನಿಜ.

ಹೆಲನ್ ಸುದ್ದಿ ಬಂದ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾದರೂ. ಅಪ್ಪನೇ ಮಾಡಲಿ.

ನಿಕ್ಕಿ


ಲಂಗಾಟಾ
2 ಮಾರ್ಚ್ 2008

ನಿಕ್ಕಿ,

ಹೆಲನ್ ಬದುಕಿದ್ದಾಳೆ ಎಂದು ಅಪ್ಪ ಫೋನಿನಲ್ಲಿ ಹೇಳಿದ್ದಾರೆ. ಉಳಿದದ್ದನ್ನು ನಾನು ಬರೆಯುತ್ತೇನೆ.

ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಗೇಟಿನಾಚೆ ನಿಂತಿದ್ದಳು. ನಾನು ಮೊದಲು ಯಾರೋ ಭಿಕ್ಷೆಗೆ ಬಂದವರೆಂದುಕೊಂಡೆ. ತಲೆಗೂದಲು ಕತ್ತರಿಸಿತ್ತು, ಎಡಗೈಗೆ ಬಟ್ಟೆ ಕಟ್ಟಿತ್ತು. ತಾಯಿ ಸಿಕ್ಕಿದಳಂತೆ, ಚರ್ಚಿನ ಅಂಗಳದಲ್ಲಿ ಸಾವಿರಾರು ಜನರ ನಡುವೆ. ಮಗಳು ಬಂದ ಮೇಲೆ ಕೆಲವು ದಿನ ಇದ್ದು ಅಲ್ಲೇ ತೀರಿಕೊಂಡಳಂತೆ. ಕೈಗೇನಾಯಿತು ಎಂದು ನಾನು ಕೇಳಿದೆ. ಅವಳು ಮೇರಿಯನ್ನು ನೋಡಿ, ‘ಬಿದ್ದೆ’ ಎಂದಳು. ಮತ್ತೆ ಕೇಳಲಿಲ್ಲ.

ಮೇರಿ ಓಡಿ ಹೋಗಲಿಲ್ಲ. ಮೆಟ್ಟಿಲಿಳಿದು ನಿಧಾನವಾಗಿ ಹತ್ತಿರ ಹೋಗಿ, ತಾಯಿಯ ಕಟ್ಟಿದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತಳು.

ಮುರಾಂಗದಲ್ಲಿ ಹೆಲನ್ ಅಣ್ಣ ಇದ್ದಾನೆ, ಒಂದು ಕೋಣೆ ಕೊಡುತ್ತಾನೆ. ಮೇರಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಮೊನ್ನೆ ಮುಖಂಡರು ಕೈ ಕುಲುಕಿ ಒಪ್ಪಂದಕ್ಕೆ ಸಹಿ ಹಾಕಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಆದರೆ ಸಹಿ ಹಾಕಿದವರು ರಸ್ತೆಯಲ್ಲಿ ನಿಲ್ಲುವವರಲ್ಲ. ‘ಇನ್ನೊಂದು ತಿಂಗಳು ಇಲ್ಲೇ ಇರಲಿ. ಶಾಲೆಗೆ ಹತ್ತಿರದಲ್ಲೇ ಸೇರಿಸೋಣ’ ಎಂದೆ.

‘ಮಾಮಾ ನಿಕಿತಾ, ಇವಳು ಕಿಟಕಿ ಹತ್ತಿರ ಹೋಗಿ ಎಷ್ಟು ದಿನವಾಯಿತು?’ ಎಂದು ಹೆಲನ್ ಕೇಳಿದಳು.

ಆ ಮಚ್ಚಿನವರು ಬಂದು ಹೋದಾಗಿನಿಂದ ಮೇರಿ ಒಂದು ಸಲವೂ ಹೊರಗೆ ನೋಡಿಲ್ಲ. ನಾನೂ ನೋಡಗೊಟ್ಟಿಲ್ಲ. ನಿನ್ನ ರಾಣಿ ಯಾಕೆ ಹೊರಗೆ ಬಂದಳು ಎಂದು ಕೇಳಿದ್ದೆಯಲ್ಲ, ನನಗೆ ಗೊತ್ತಿರುವುದು ಇಷ್ಟೇ. ಮಕ್ಕಳು ಬಾಗಿಲ ಹಿಂದೆ ದೊಡ್ಡವರಾಗಲಾರರು. ಅವಳಿಗೆ ರಿಚರ್ಡನ ಮೇಲೆ ನಂಬಿಕೆ ಬಂದಿರಲಿಕ್ಕಿಲ್ಲ. ಹೆದರಿಕೊಂಡೇ ಬಂದಿರುತ್ತಾಳೆ.

ಇವತ್ತು ಬೆಳಿಗ್ಗೆ ಹೊರಟರು. ನಿಮ್ಮಪ್ಪ ಕಾರಿನ ಕೀ ಹಿಡಿದು, ‘ನಾನೇ ಬಿಟ್ಟು ಬರ್ತೀನಿ’ ಎಂದರು. ಹೆಲನ್ ಬೇಡವೆಂದು ತಲೆಯಾಡಿಸಿದಳು. ‘ಮ್ಝೀ, ನಿಮ್ಮ ಕಾರಿನಲ್ಲಿ ಕೂತರೆ ಎಲ್ಲರೂ ನಮ್ಮನ್ನು ನೋಡುತ್ತಾರೆ. ಮಟಾಟುವಿನಲ್ಲಿ ನಾವು ಯಾರೂ ಅಲ್ಲ.’ ಮಟಾಟು ವ್ಯಾನುಗಳು ಜನ ಹತ್ತಿಸಿಕೊಳ್ಳುವ ಸ್ಟಾಪಿನವರೆಗೆ ನಾವಿಬ್ಬರೂ ನಡೆದುಕೊಂಡು ಹೋದೆವು. ಗಾಡಿ ತುಂಬುವವರೆಗೂ ಕಾಯಬೇಕಾಯಿತು. ಹತ್ತಿದ ಒಬ್ಬೊಬ್ಬ ಗಂಡಸಿನ ಕೈಯನ್ನೂ ನಾನು ನೋಡುತ್ತಿದ್ದೆ, ಏನು ಹಿಡಿದಿದ್ದಾನೆ ಎಂದು. ಒಬ್ಬ ಕೋಳಿ ಹಿಡಿದಿದ್ದ. ಮೇರಿ ತಾನೇ ಕಿಟಕಿಯ ಪಕ್ಕ ಕೂತಳು.

ಮುರಾಂಗಕ್ಕೆ ಎರಡು ಗಂಟೆಯ ದಾರಿ. ಮಧ್ಯಾಹ್ನ ದಾಟಿತು, ಫೋನಿಲ್ಲ. ನಾನು ಅಕ್ಕಿ ಆರಿಸಿದೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ನಿಮ್ಮಪ್ಪ ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದರು. ನಾವಿಬ್ಬರೂ ಊಟದ ಮಾತೆತ್ತಲಿಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಹುಡುಗರು ನಿಲ್ಲಬಹುದು ಎಂದು ನಾನು ಮನಸ್ಸಿನಲ್ಲೇ ಒಂದೊಂದು ತಿರುವನ್ನೂ ದಾಟಿಸುತ್ತಿದ್ದೆ.

ಬಿಸಿಲು ಇಳಿಯುವಾಗ ಫೋನ್ ಬಂತು. ನಿಮ್ಮಪ್ಪ ಎತ್ತಿದರು. ಒಂದು ಮಾತು, ಲೈನ್ ಹೋಯಿತು.

‘ಯಾರು? ಏನಂದ್ರು?’

‘ಹೆಲನ್. ತುಮೆಫಿಕಾ ಅಂದ್ಲು.’

ನನಗೆ ಅಡುಗೆಮನೆಯ ಸ್ವಾಹಿಲಿ ಅಷ್ಟೇ ಬರುವುದು. ‘ಹಾಗಂದ್ರೆ? ಮೇರಿ ವಿಷಯ ಏನೂ ಹೇಳಲಿಲ್ವಾ? ಒಬ್ಬಳೇ ತಲುಪಿದಳಾ? ಕೇಳಬಾರದಿತ್ತಾ ನೀವು?’ ಎಂದು ಅವರ ತೋಳು ಹಿಡಿದುಕೊಂಡೆ.

ನಿಮ್ಮಪ್ಪ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು, ಚಿಕ್ಕ ಮಗುವಿಗೆ ಪಾಠ ಹೇಳುವ ಹಾಗೆ ಹೇಳಿದರು: ‘ಒಬ್ಬಳೇ ಆಗಿದ್ರೆ ನಿಮೆಫಿಕಾ ಅಂತಿದ್ಲು, ರುಕ್ಕು. ತುಮೆಫಿಕಾ ಅಂದ್ರೆ ನಾವು. ನಾವು ತಲುಪಿದೆವು.’

ನಿನ್ನ
ಅಮ್ಮ